ಮನೆಯಲ್ಲಿ ಶುಗರ್ ಇದೆ, ನನಗೂ ಬರುತ್ತಾ? ವಂಶದ ಅಪಾಯ ತಿಳಿದುಕೊಳ್ಳುವ ದಾರಿ, ಹಂತ ಹಂತವಾಗಿ

"ಅಪ್ಪನಿಗೆ ಶುಗರ್ ಇದೆ, ನನಗೂ ಬರುತ್ತಾ?" "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ನಾನ್ಯಾಕೆ ಟೆಸ್ಟ್ ಮಾಡಿಸಬೇಕು?" "ಜೀನ್ ಟೆಸ್ಟ್ ಮಾಡಿಸಿದರೆ ಮೊದಲೇ ಗೊತ್ತಾಗುತ್ತಾ?" ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರೇ ಪ್ರಶ್ನೆ. ಒಂದೊಂದು ಸಾಲಿನಲ್ಲಿ ಉತ್ತರ ಕೊಟ್ಟರೆ ಅರ್ಧ ಹೇಳಿ ಅರ್ಧ ಬಿಟ್ಟ ಹಾಗಾಗುತ್ತದೆ. ಅದಕ್ಕೇ ಪೂರ್ತಿ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ದುಡ್ಡು ಕೊಟ್ಟು ಮಾಡಿಸುವ ಜೀನ್ ಟೆಸ್ಟ್‌ಗಿಂತ, ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡ ಒಂದು ಹಾಳೆಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಆದರೆ ಕೆಲವೇ ಕೆಲವು ಮನೆಗಳಲ್ಲಿ ಜೀನ್ ಟೆಸ್ಟ್ ಇಡೀ ಚಿಕಿತ್ಸೆಯನ್ನೇ ಬದಲಾಯಿಸುತ್ತದೆ. ನಿಮ್ಮದು ಅಂಥ ಮನೆಯೇ ಎಂದು ಗುರುತಿಸಲು ಸಹ ಮೊದಲು ಬೇಕಾಗುವುದು ಅದೇ ಹಾಳೆ.

ಬೇಕಾಗುವ ಸಾಮಾನು ಇಷ್ಟೇ: ಒಂದು ದೊಡ್ಡ ಹಾಳೆ, ಪೆನ್ಸಿಲ್, ಅಪ್ಪನ ಕಡೆಯ ಮತ್ತು ಅಮ್ಮನ ಕಡೆಯ ಹಿರಿಯರೊಬ್ಬೊಬ್ಬರ ಫೋನ್ ನಂಬರ್, ನಿಮ್ಮ ಹಳೆಯ ರಕ್ತ ಪರೀಕ್ಷೆಯ ರಿಪೋರ್ಟ್‌ಗಳು. ಆದರೆ ನಿಮಗೆ ಈಗಾಗಲೇ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರಕ್ಕೆ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಹಾಳೆ ಗೀಳೆ ಎಲ್ಲ ಆಮೇಲೆ. ಇವತ್ತೇ ಡಾಕ್ಟರ ಹತ್ತಿರ ಹೋಗಿ.

ಹಂತ 1: ಮನೆಯಲ್ಲಿರುವುದು ಯಾವ ಶುಗರ್ ಎಂದು ತಿಳಿದುಕೊಳ್ಳಿ

ನಾವು ಎಲ್ಲದಕ್ಕೂ ಶುಗರ್ ಎಂದುಬಿಡುತ್ತೇವೆ. ಒಳಗೆ ನೋಡಿದರೆ ಅದು ಬೇರೆ ಬೇರೆ ಕಾಯಿಲೆಗಳ ಗುಂಪು. ವಂಶದಲ್ಲಿ ಇಳಿದುಬರುವ ರೀತಿಯೂ ಒಂದೊಂದರದು ಒಂದೊಂದು.

ದೊಡ್ಡವರಲ್ಲಿ ಕಾಣುವ ಮಧುಮೇಹದಲ್ಲಿ ಹತ್ತಕ್ಕೆ ಒಂಬತ್ತರಷ್ಟು ಟೈಪ್ 2. ಇಲ್ಲಿ ಎರಡು ತೊಂದರೆ ಒಟ್ಟಿಗೆ ಸೇರುತ್ತವೆ. ಒಂದು, ದೇಹ ಇನ್ಸುಲಿನ್‌ನ ಮಾತು ಸರಿಯಾಗಿ ಕೇಳುವುದಿಲ್ಲ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಇನ್ನೊಂದು, ಮೇದೋಜೀರಕ ಗ್ರಂಥಿಯಲ್ಲಿರುವ ಬೀಟಾ ಕೋಶಗಳು, ಅಂದರೆ ಇನ್ಸುಲಿನ್ ತಯಾರಿಸುವ ಕೋಶಗಳು, ಅದನ್ನು ಸರಿದೂಗಿಸುವಷ್ಟು ಇನ್ಸುಲಿನ್ ಕೊಡಲಾರದೆ ಸೋಲುತ್ತವೆ.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಹಾಳು ಮಾಡುತ್ತದೆ. ಇದು ಮಕ್ಕಳಿಗೆ ಮಾತ್ರ ಬರುತ್ತದೆ ಎನ್ನುವುದು ತಪ್ಪು. ಬ್ರಿಟನ್‌ನ ಪ್ರಧಾನಿಯಾಗಿದ್ದ ಥೆರೆಸಾ ಮೇ ಅವರಿಗೆ ಇದು ಗೊತ್ತಾದದ್ದು 56ನೇ ವಯಸ್ಸಿನಲ್ಲಿ. ಅವರಿಗೂ ಮೊದಲು ಟೈಪ್ 2 ಎಂದೇ ಹೇಳಿದ್ದರು. ದೊಡ್ಡವರಲ್ಲಿ ನಿಧಾನವಾಗಿ ಬರುವ ಇಂಥ ರೂಪಕ್ಕೆ ಲಾಡಾ ಎಂಬ ಹೆಸರಿದೆ. ಇನ್ನೊಂದು ವಿಚಿತ್ರ ಕೇಳಿ: ವಂಶದಲ್ಲಿ ಬರುವುದು ಟೈಪ್ 1 ಎಂದು ಬಹಳ ಜನ ನಂಬಿದ್ದಾರೆ. ವಾಸ್ತವದಲ್ಲಿ ಮನೆಮಂದಿಯಲ್ಲಿ ಜಾಸ್ತಿ ಹರಿದುಬರುವುದು ಟೈಪ್ 2.

ಮೂರನೆಯದು ಒಂದೇ ಒಂದು ಜೀನ್ ಕೆಟ್ಟು ಬರುವ ಮಧುಮೇಹ. ಇದರಲ್ಲಿ ಹೆಚ್ಚು ಕಾಣುವ ಗುಂಪಿಗೆ ಮೋಡಿ ಎಂದು ಹೆಸರು. ಅಪರೂಪದ್ದು ನಿಜ, ಆದರೆ ಜೀನ್ ಟೆಸ್ಟ್ ನಿಜವಾಗಿ ಬೇಕಾಗುವುದು ಇಲ್ಲೇ. 5ನೇ ಹಂತದಲ್ಲಿ ಇದಕ್ಕೆ ಮತ್ತೆ ಬರುತ್ತೇನೆ.

ಹೆಚ್ಚು ದಿನ ಸ್ಟೀರಾಯ್ಡ್ ತೆಗೆದುಕೊಂಡಿದ್ದರಿಂದ ಅಥವಾ ಮೇದೋಜೀರಕ ಗ್ರಂಥಿಗೆ ಏಟು ಬಿದ್ದು ಬಂದ ಶುಗರ್ ಇದ್ದರೆ ಅದನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ. ವಂಶದ ಲೆಕ್ಕಕ್ಕೆ ಅದನ್ನು ನೇರವಾಗಿ ಸೇರಿಸಬಾರದು.

ಹಂತ 2: ಮೂರು ತಲೆಮಾರಿನ ಹಾಳೆ ಬರೆಯಿರಿ

ಮೇಲಿನ ಸಾಲಿನಲ್ಲಿ ಅಜ್ಜ ಅಜ್ಜಿಯರು ನಾಲ್ವರು. ನಡುವೆ ಅಪ್ಪ, ಅಮ್ಮ, ಅವರಿಬ್ಬರ ಒಡಹುಟ್ಟಿದವರು. ಕೆಳಗೆ ನೀವು, ನಿಮ್ಮ ಅಣ್ಣ ತಮ್ಮ ಅಕ್ಕ ತಂಗಿಯರು. ಮಕ್ಕಳಿದ್ದರೆ ಅವರೂ ಇರಲಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಶುಗರ್ ಇರುವವರ ಗುರುತನ್ನು ಪೆನ್ಸಿಲ್‌ನಿಂದ ತುಂಬಿ. ಡಾಕ್ಟರುಗಳು ಬರೆಯುವುದೂ ಹೀಗೇ, ಆದ್ದರಿಂದ ನಿಮ್ಮ ಹಾಳೆ ನೋಡಿದ ತಕ್ಷಣ ಅವರಿಗೆ ಅರ್ಥವಾಗುತ್ತದೆ.

"ಶುಗರ್ ಇದೆ" ಎಂದಷ್ಟೇ ಬರೆದರೆ ಹಾಳೆ ಅರ್ಧಕ್ಕೆ ನಿಂತ ಹಾಗೆ. ತುಂಬಿದ ಪ್ರತಿ ಗುರುತಿನ ಪಕ್ಕದಲ್ಲಿ ಈ ವಿಷಯಗಳಿರಲಿ:

- ಎಷ್ಟನೇ ವಯಸ್ಸಿನಲ್ಲಿ ಗೊತ್ತಾಯಿತು
- ಆಗ ಮೈಕಟ್ಟು ಹೇಗಿತ್ತು, ದಪ್ಪವೋ ಸಣಕಲೋ
- ಮೊದಲು ಏನು ಕೊಟ್ಟರು, ಮಾತ್ರೆಯೋ ಇನ್ಸುಲಿನ್ನೋ. ಇನ್ಸುಲಿನ್ ಎಷ್ಟು ವರ್ಷದ ಮೇಲೆ ಶುರುವಾಯಿತು
- ಹೆಂಗಸರಾದರೆ, ಬಸಿರಿನಲ್ಲಿ ಶುಗರ್ ಬಂದಿತ್ತೇ
- ಜೊತೆಗೆ ಬೇರೆ ತೊಂದರೆ ಇತ್ತೇ: ಚಿಕ್ಕ ವಯಸ್ಸಿಗೇ ಕಿವಿ ಮಂದವಾಗುವುದು, ಕಿಡ್ನಿಯಲ್ಲಿ ನೀರುಗುಳ್ಳೆ, ಥೈರಾಯ್ಡ್

ವಯಸ್ಸು ಕೇಳಿದರೆ ಹಿರಿಯರಿಗೆ ನೆನಪಾಗುವುದು ಕಷ್ಟ. "ದೊಡ್ಡ ಮಗನ ಮದುವೆಗೆ ಮೊದಲೋ ಆಮೇಲೋ?" ಎಂದು ಕೇಳಿ ನೋಡಿ, ಥಟ್ಟನೆ ಉತ್ತರ ಬರುತ್ತದೆ.

ಇಲ್ಲಿ ಜನ ಎಡವುವ ಜಾಗಗಳು ಕೆಲವಿವೆ.

ಮೊದಲನೆಯದು, "ನಮ್ಮಲ್ಲಿ ಯಾರಿಗೂ ಇಲ್ಲ" ಎಂಬ ಮಾತು. ಅಜ್ಜ ಜೀವಮಾನದಲ್ಲೇ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ ಎಂದರೆ ಅವರಿಗೆ ಶುಗರ್ ಇರಲಿಲ್ಲ ಎಂದು ಹೇಗೆ ಹೇಳುತ್ತೀರಿ? ಅಂಥವರ ಪಕ್ಕದಲ್ಲಿ "ಇಲ್ಲ" ಎಂದು ಬರೆಯಬೇಡಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ. ವಾಸಿಯಾಗದ ಕಾಲಿನ ಗಾಯ, ಬೆರಳು ತೆಗೆದದ್ದು, ಕಿಡ್ನಿ ಸೋತದ್ದು, ನಡುವಯಸ್ಸಿನಲ್ಲೇ ಹೃದಯಾಘಾತ ಆದದ್ದು ಕೇಳಿಬಂದರೆ ಅದನ್ನೂ ಬರೆದಿಡಿ. 40 ತುಂಬುವ ಮೊದಲೇ ಬೇರೆ ಕಾರಣಕ್ಕೆ ತೀರಿಕೊಂಡವರನ್ನು "ಇಲ್ಲ" ಎಂಬ ಲೆಕ್ಕಕ್ಕೆ ಸೇರಿಸಬಾರದು. ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸಿಗೇ ಅವರು ಬಂದಿರಲಿಲ್ಲ.

"ಬಾರ್ಡರ್‌ನಲ್ಲಿದೆ ಅಷ್ಟೇ" ಎನ್ನುವವರನ್ನೂ ಬಿಡಬೇಡಿ. ಅರ್ಧ ತುಂಬಿದ ಗುರುತು ಹಾಕಿ.

ಇನ್ನು ಸಂಬಂಧ. ರಕ್ತ ಸಂಬಂಧಿಗಳನ್ನು ಮಾತ್ರ ಸೇರಿಸಿ. "ಅತ್ತೆ" ಎಂದಷ್ಟೇ ಬರೆದರೆ ಅಪ್ಪನ ತಂಗಿಯೋ ಸೋದರಮಾವನ ಹೆಂಡತಿಯೋ ಎಂದು ಹಾಳೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಹಾಗೆಯೇ ಮೈಕಟ್ಟು ಕೇಳುವಾಗ ಈಗಿನದನ್ನು ಬರೆಯಬೇಡಿ. ಶುಗರ್ ಬಂದು ಹತ್ತು ವರ್ಷ ಕಳೆದ ಮೇಲೆ ಎಷ್ಟೋ ಜನ ಇಳಿದುಹೋಗಿರುತ್ತಾರೆ, ಇನ್ನು ಕೆಲವರು ಇನ್ಸುಲಿನ್ ಶುರುವಾದ ಮೇಲೆ ತುಂಬಿಕೊಂಡಿರುತ್ತಾರೆ.

ಹಂತ 3: ಹಾಳೆಯನ್ನು ಓದುವುದು

ಟೈಪ್ 2 ವಿಷಯದಲ್ಲಿ ಡಾಕ್ಟರುಗಳು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಜೀವಮಾನದಲ್ಲಿ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು 40 ಶೇಕಡಾ. ಇಬ್ಬರಿಗೂ ಇದ್ದರೆ ಸುಮಾರು 70 ಶೇಕಡಾ. ಒಡಹುಟ್ಟಿದವರಿಗೆ ಇದ್ದರೆ ನಿಮ್ಮ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ.

ಅಮ್ಮನ ಕಡೆಯಿಂದ ಬಂದರೆ ಜೋರು, ಅಪ್ಪನ ಕಡೆಯದು ಅಷ್ಟಿಲ್ಲ ಎಂಬ ಮಾತು ಕೇಳಿರುತ್ತೀರಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಲೆಕ್ಕ ಹಾಕಿದಾಗ ಎರಡೂ ಹೆಚ್ಚುಕಮ್ಮಿ ಒಂದೇ ಎಂದು ಕಂಡಿತು: ಅಪ್ಪ ಅಮ್ಮ ಇಬ್ಬರಿಗೂ ಇಲ್ಲದವರಿಗಿಂತ, ಒಬ್ಬರಿಗೆ ಇದ್ದರೆ ಸುಮಾರು ಮೂರೂವರೆ ಪಟ್ಟು, ಇಬ್ಬರಿಗೂ ಇದ್ದರೆ ಸುಮಾರು ಆರು ಪಟ್ಟು. ಅಪ್ಪನಿಗೆ ಮಾತ್ರ ಇದೆ ಎಂದು ನೆಮ್ಮದಿಯಿಂದ ಕೂರುವ ಹಾಗಿಲ್ಲ.

ಆದರೆ ಮನೆಮಂದಿಯಲ್ಲಿ ಹರಿಯುವುದೆಲ್ಲ ಜೀನ್ ಎಂದುಕೊಳ್ಳಬೇಡಿ. ಒಂದೇ ಮನೆಯವರು ಉಣ್ಣುವುದು, ಮಲಗುವುದು, ಕೂರುವುದು ಎಲ್ಲ ಹೆಚ್ಚುಕಮ್ಮಿ ಒಂದೇ ಥರ ಅಲ್ವಾ? ತಾಯಿಯ ಹೊಟ್ಟೆಯಲ್ಲಿದ್ದಾಗಿನ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಭೀಕರ ಬರಗಾಲ ಬಿತ್ತು. ಆಗ ತಾಯಿಯ ಗರ್ಭದಲ್ಲಿದ್ದವರನ್ನು ಐವತ್ತರ ಆಸುಪಾಸಿನಲ್ಲಿ ಪರೀಕ್ಷಿಸಿದರೆ, ಗ್ಲೂಕೋಸ್ ಕುಡಿದ ಮೇಲೆ ಅವರ ರಕ್ತದ ಸಕ್ಕರೆ ಉಳಿದವರಿಗಿಂತ ಜಾಸ್ತಿ ಏರುತ್ತಿತ್ತು. ಅವರ ಜೀನ್ ಬದಲಾಗಿರಲಿಲ್ಲ.

ಹಂತ 4: ಜೀನ್ ಎಷ್ಟು ಮಾಡುತ್ತದೆ, ಎಷ್ಟು ಮಾಡುವುದಿಲ್ಲ

ಸ್ವಲ್ಪ ತಾಳ್ಮೆಯಿಂದ ಓದಿ. ಇದು ಅರ್ಥವಾದರೆ ಜಾಹೀರಾತುಗಳಿಗೆ ಮರುಳಾಗುವುದಿಲ್ಲ.

ಜೀನ್ ಎಂದರೆ ದೇಹಕ್ಕೆ ಬೇಕಾದ ಪ್ರೋಟೀನ್ ಮಾಡಲು ಡಿಎನ್‌ಎಯಲ್ಲಿ ಬರೆದಿರುವ ಸೂಚನೆ. ಎಲ್ಲರ ಜೀನೂ ಅಕ್ಷರಕ್ಕೆ ಅಕ್ಷರ ಒಂದೇ ಇರುವುದಿಲ್ಲ, ಅಲ್ಲಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಅವಕ್ಕೆ ರೂಪಾಂತರ ಎನ್ನೋಣ. "ಶುಗರ್ ಜೀನ್" ಎಂಬ ಒಂದೇ ಜೀನ್ ಎಲ್ಲೂ ಇಲ್ಲ. ಸುಮಾರು 25 ಲಕ್ಷ ಜನರ ಮಾಹಿತಿ ಸೇರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಎನ್‌ಎಯ 611 ಜಾಗಗಳು ಟೈಪ್ 2 ಜೊತೆ ನಂಟು ಹೊಂದಿರುವುದು ಕಂಡುಬಂತು. ತಕ್ಕಡಿಗೆ ಒಂದೊಂದೇ ಕಾಳು ಹಾಕಿದ ಹಾಗೆ ಒಂದೊಂದರ ತೂಕವೂ ಅತ್ಯಲ್ಪ.

ಸಾಮಾನ್ಯವಾಗಿ ಕಾಣುವ ರೂಪಾಂತರಗಳಲ್ಲಿ ಎದ್ದು ಕಾಣುವುದು ಟಿಸಿಎಫ್7ಎಲ್2 ಎಂಬ ಜೀನಿನಲ್ಲಿರುವುದು. 2006ರಲ್ಲಿ ಐಸ್‌ಲ್ಯಾಂಡ್‌ನ ಸಂಶೋಧಕರು ಇದನ್ನು ಗುರುತಿಸಿದರು. ಇದು ಇನ್ಸುಲಿನ್ ಬಿಡುಗಡೆಯನ್ನು ಸ್ವಲ್ಪ ಕುಂಠಿತಗೊಳಿಸುತ್ತದೆ. ಒಂದು ಪ್ರತಿ ಇದ್ದರೆ, ಅಂದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ, ಅಪಾಯ ಸುಮಾರು 1.4 ಪಟ್ಟು, ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಹೆಚ್ಚುಕಮ್ಮಿ ಎರಡು ಪಟ್ಟು.

"1.4 ಪಟ್ಟು" ಎಂದ ಕೂಡಲೇ ಎದೆ ಧಸಕ್ಕೆನ್ನುವುದು ಬೇಡ. ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ವಯಸ್ಸಿನ, ನಿಮ್ಮಂಥದೇ ಮೈಕಟ್ಟಿನ 100 ಜನರಲ್ಲಿ 10 ಜನಕ್ಕೆ ಮುಂದಿನ ಹತ್ತು ವರ್ಷದಲ್ಲಿ ಶುಗರ್ ಬರುತ್ತದೆ ಎಂದಿಟ್ಟುಕೊಳ್ಳಿ. ಈ ರೂಪಾಂತರದ ಒಂದು ಪ್ರತಿ ಇರುವ 100 ಜನರಲ್ಲಿ ಅದು 13 ಅಥವಾ 14 ಆಗುತ್ತದೆ. ಅಂದರೆ 86 ಜನಕ್ಕೆ ಆ ಹತ್ತು ವರ್ಷದಲ್ಲಿ ಬರುವುದೇ ಇಲ್ಲ. ರಿಪೋರ್ಟ್‌ನಲ್ಲಿ "ಇಷ್ಟು ಪಟ್ಟು" ಎಂದು ಕಂಡಾಗಲೆಲ್ಲ "ಎಷ್ಟರ ಪಟ್ಟು?" ಎಂದು ಕೇಳಿ. ಆ ಮೂಲ ಸಂಖ್ಯೆ ಹೇಳದ ರಿಪೋರ್ಟಿಗೆ ಬೆಲೆ ಕಡಿಮೆ.

ಎಫ್‌ಟಿಒ ಎಂಬ ಜೀನ್ ಹೆಸರೂ ಕಿವಿಗೆ ಬಿದ್ದಿರಬಹುದು. ಅದರ ದಾರಿ ಬೇರೆ. ಅದು ಹಸಿವು, ತಿನ್ನುವ ಪ್ರಮಾಣದ ಮೂಲಕ ತೂಕ ಏರಿಸುತ್ತದೆ, ಶುಗರ್ ಅಪಾಯ ಮುಖ್ಯವಾಗಿ ತೂಕದ ಹಿಂದೆಯೇ ಬರುತ್ತದೆ. ಇದಕ್ಕೆ ಉಲ್ಟಾ, ಕಾಪಾಡುವ ರೂಪಾಂತರಗಳೂ ಇವೆ. ಎಸ್‌ಎಲ್‌ಸಿ30ಎ8 ಜೀನಿನ ಒಂದು ಪ್ರತಿ ಕೆಲಸ ಮಾಡದಿರುವ ಜನರಲ್ಲಿ ಟೈಪ್ 2 ಅಪಾಯ ಸುಮಾರು 65 ಶೇಕಡಾ ಕಡಿಮೆ ಎಂದು 2014ರಲ್ಲಿ ಗೊತ್ತಾಯಿತು.

ಹಾಗಾದರೆ ಜೀನ್ ದೊಡ್ಡದೋ ಬದುಕುವ ರೀತಿ ದೊಡ್ಡದೋ? ಪಿಮಾ ಎಂಬ ಮೂಲನಿವಾಸಿ ಜನರ ಉದಾಹರಣೆ ನೋಡಿ. ಅಮೆರಿಕದ ಅರಿಜೋನಾದಲ್ಲಿ ಒಂದು ಗುಂಪು, ಮೆಕ್ಸಿಕೋದ ಗುಡ್ಡಗಾಡಿನಲ್ಲಿ ಇನ್ನೊಂದು ಗುಂಪು. ಮೂಲ ಒಂದೇ, ಜೀನ್‌ಗಳೂ ಬಹಳ ಹತ್ತಿರದವು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅರಿಜೋನಾದವರಲ್ಲಿ ಮಧುಮೇಹ 38 ಶೇಕಡಾ ಇತ್ತು. ಕೃಷಿ ಮಾಡಿಕೊಂಡು, ಜಾಸ್ತಿ ಮೈ ಬಗ್ಗಿಸಿ ದುಡಿಯುತ್ತಿದ್ದ ಮೆಕ್ಸಿಕೋದವರಲ್ಲಿ 7 ಶೇಕಡಾ ಕೂಡ ಇರಲಿಲ್ಲ.

ಹಂತ 5: ಹಾಳೆಯಲ್ಲಿ ಈ ಗುರುತುಗಳಿವೆಯೇ ನೋಡಿ

ಸಾಮಾನ್ಯ ಟೈಪ್ 2 ಮನೆಯ ಹಾಳೆ ಹೀಗಿರುತ್ತದೆ: ಅಪ್ಪನಿಗೆ 52ಕ್ಕೆ, ಚಿಕ್ಕಪ್ಪನಿಗೆ 48ಕ್ಕೆ, ಅಜ್ಜಿಗೆ 60 ದಾಟಿದ ಮೇಲೆ, ಮೂವರಿಗೂ ಹೊಟ್ಟೆ ಸ್ವಲ್ಪ ಮುಂದೆ, ಮೊದಲು ಮಾತ್ರೆ, ವರ್ಷಗಳು ಕಳೆದ ಮೇಲೆ ಇನ್ಸುಲಿನ್. ಇಂಥ ಹಾಳೆಯವರು ನೇರ 7ನೇ ಹಂತಕ್ಕೆ ಹೋಗಬಹುದು.

ಈಗ ಇನ್ನೊಂದು ಹಾಳೆ ಊಹಿಸಿಕೊಳ್ಳಿ. ಮಗಳಿಗೆ 22ಕ್ಕೆ ಶುಗರ್, ಸಣ್ಣ ಮೈ. ಅಮ್ಮನಿಗೆ 24ಕ್ಕೆ, ಬಸಿರಿನಲ್ಲಿ ಗೊತ್ತಾದದ್ದು, ಹೆರಿಗೆ ಆದ ಮೇಲೂ ಹೋಗಲಿಲ್ಲ. ಅಮ್ಮನ ಅಪ್ಪನಿಗೆ 30ರೊಳಗೆ. ಮೂರು ತಲೆಮಾರು, ಒಂದೂ ತಪ್ಪಿಲ್ಲ, ಯಾರೂ ದಪ್ಪವಿಲ್ಲ. ಇಲ್ಲಿ ಮೋಡಿ ಇರಬಹುದು ಎಂಬ ಅನುಮಾನ ಬರಲೇಬೇಕು. ಇದರಲ್ಲಿ ಕೆಟ್ಟ ಜೀನಿನ ಒಂದು ಪ್ರತಿ ಸಾಕು, ಆದ್ದರಿಂದ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಸಾಮಾನ್ಯವಾಗಿ 25 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ, ಆದರೆ ಗೊತ್ತಾಗುವುದು ತಡವಾಗಬಹುದು. ಟೈಪ್ 1 ಎಂದೋ ಟೈಪ್ 2 ಎಂದೋ ತಪ್ಪು ಹೆಸರಿಟ್ಟುಕೊಂಡು ವರ್ಷಗಟ್ಟಲೆ ಚಿಕಿತ್ಸೆ ಪಡೆಯುವವರೂ ಇದ್ದಾರೆ.

ಹೆಸರು ಸರಿಯಾಗಿ ಇಡುವುದು ಯಾಕೆ ಮುಖ್ಯ ಅಂದರೆ, ಔಷಧಿಯೇ ಬೇರೆಯಾಗುತ್ತದೆ. ಜಿಸಿಕೆ ಜೀನಿನ ಮೋಡಿಯಲ್ಲಿ ಬರಿಹೊಟ್ಟೆಯ ಸಕ್ಕರೆ ಹುಟ್ಟಿನಿಂದಲೇ ಸ್ವಲ್ಪ ಮೇಲಿರುತ್ತದೆ, ಸುಮಾರು 100ರಿಂದ 145ರ ನಡುವೆ. ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ, ಅಂಗಗಳಿಗೆ ಹಾನಿ ಆಗುವುದು ತೀರಾ ಅಪರೂಪ. ಬಸಿರಿನ ಸಮಯ ಬಿಟ್ಟರೆ ಇದಕ್ಕೆ ಸಾಮಾನ್ಯವಾಗಿ ಔಷಧಿಯೇ ಬೇಡ. ಸುಮ್ನೆ ಮಾತ್ರೆ ನುಂಗಿ ಪ್ರಯೋಜನವೂ ಇಲ್ಲ. ಎಚ್‌ಎನ್‌ಎಫ್1ಎ ಜೀನಿನದಾದರೆ ಕಥೆ ಬೇರೆ. ಅದು ವರ್ಷ ಕಳೆದ ಹಾಗೆ ಜಾಸ್ತಿಯಾಗುತ್ತದೆ, ಹಾನಿಯನ್ನೂ ಮಾಡುತ್ತದೆ. ಆದರೆ ಸಲ್ಫೊನಿಲ್‌ಯೂರಿಯಾ ಎಂಬ ಹಳೆಯ ಗುಂಪಿನ ಮಾತ್ರೆ ಸಣ್ಣ ಡೋಸ್‌ನಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಟೈಪ್ 1 ಎಂದು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಕೆಲವರು ಜೀನ್ ಟೆಸ್ಟ್ ಆದ ಮೇಲೆ ಈ ಮಾತ್ರೆಗೆ ಬದಲಾಗಿದ್ದಾರೆ. ಎಚ್ಚರಿಕೆ: ಇದನ್ನು ಓದಿ ನೀವಾಗಿಯೇ ಇನ್ಸುಲಿನ್ ನಿಲ್ಲಿಸಬೇಡಿ. ನಿಮ್ಮದು ನಿಜವಾದ ಟೈಪ್ 1 ಆಗಿದ್ದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯವಾಗುತ್ತದೆ.

ಇನ್ನೂ ಮೂರು ಗುರುತು ನೆನಪಿಡಿ. ಶುಗರ್ ಜೊತೆಗೆ ಕಿಡ್ನಿಯಲ್ಲಿ ನೀರುಗುಳ್ಳೆ ಇದ್ದರೆ ಎಚ್‌ಎನ್‌ಎಫ್1ಬಿ ಎಂಬ ಜೀನಿನ ಮೇಲೆ ಅನುಮಾನ. ಶುಗರ್ ಜೊತೆಗೆ ಕಿವಿ ಮಂದವಾಗುವುದು ಅಮ್ಮನ ಕಡೆಯಿಂದ ಮಾತ್ರ ಇಳಿದುಬರುತ್ತಿದ್ದರೆ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ದೋಷ ಇರಬಹುದು. ಮೈಟೊಕಾಂಡ್ರಿಯಾ ಎಂದರೆ ಕೋಶದೊಳಗೆ ಶಕ್ತಿ ತಯಾರಿಸುವ ಭಾಗ, ಅದರ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಮೂರನೆಯದು, ದೊಡ್ಡ ವಯಸ್ಸಿನಲ್ಲಿ ಶುರುವಾಗಿ, ತೂಕ ಇಳಿದು, ಮಾತ್ರೆಗೆ ಬಗ್ಗದೆ ಬೇಗ ಇನ್ಸುಲಿನ್ ಬೇಕಾದವರು. ಮನೆಯಲ್ಲಿ ಥೈರಾಯ್ಡ್‌ನಂಥ ಸ್ವಯಂನಿರೋಧಕ ಕಾಯಿಲೆಗಳೂ, ಅಂದರೆ ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳೂ ಇದ್ದರೆ ಲಾಡಾ ಇರಬಹುದು. ಇದಕ್ಕೆ ಜೀನ್ ಟೆಸ್ಟ್ ಬೇಡ. ಜಿಎಡಿ ಆ್ಯಂಟಿಬಾಡಿ ಎಂಬ ರಕ್ತ ಪರೀಕ್ಷೆ ಮತ್ತು ದೇಹ ತಾನೇ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಪರೀಕ್ಷೆಯಿಂದ ತಿಳಿಯುತ್ತದೆ.

ಹಂತ 6: ಜೀನ್ ಟೆಸ್ಟ್ ಮಾಡಿಸಬೇಕೇ?

5ನೇ ಹಂತದಲ್ಲಿ ಅನುಮಾನ ಬಂದವರು ಹಾಳೆ ಹಿಡಿದು ಎಂಡೋಕ್ರಿನಾಲಜಿಸ್ಟ್ ಹತ್ತಿರ ಹೋಗಿ. ಹಾರ್ಮೋನು ಕಾಯಿಲೆಗಳ ತಜ್ಞರು ಇವರು. ಸಾಮಾನ್ಯವಾಗಿ ಮೊದಲು ಆ್ಯಂಟಿಬಾಡಿ, ಸಿ-ಪೆಪ್ಟೈಡ್ ನೋಡಿ ಆಮೇಲೆ ಜೀನ್ ಟೆಸ್ಟ್ ಬರೆಯುತ್ತಾರೆ. ಮನೆಯಲ್ಲಿ ಶುಗರ್ ಇರುವವರೊಬ್ಬರನ್ನು ಮೊದಲು ಟೆಸ್ಟ್ ಮಾಡಿಸಬೇಕು. ಅವರಲ್ಲಿ ದೋಷ ಯಾವುದೆಂದು ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಆರೋಗ್ಯವಾಗಿರುವವರಿಂದ ಶುರು ಮಾಡಿದರೆ "ಏನೂ ಸಿಗಲಿಲ್ಲ" ಎಂಬ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ರಿಪೋರ್ಟ್ ಮೂರು ಥರ ಬರಬಹುದು: ದೋಷ ಇದೆ, ಇಲ್ಲ, ಅಥವಾ "ಅರ್ಥ ಖಚಿತವಿಲ್ಲದ ರೂಪಾಂತರ". ಈ ಮೂರನೆಯದನ್ನು ಕಾಯಿಲೆ ಎಂದು ಓದಿಕೊಳ್ಳಬೇಡಿ. ಅದರ ಆಧಾರದ ಮೇಲೆ ಔಷಧಿ ಬದಲಾಯಿಸುವ ಹಾಗಿಲ್ಲ.

ಉಳಿದವರು, ಅಂದರೆ ಎಂಜಲಿನ ಸ್ಯಾಂಪಲ್ ಕಳಿಸಿ "ಶುಗರ್ ಅಪಾಯ" ತಿಳಿಯುವ ಕಿಟ್ ಕೊಳ್ಳಬೇಕು ಎಂದುಕೊಂಡವರು ಸ್ವಲ್ಪ ನಿಲ್ಲಿ. ಅಂಥ ಕಿಟ್‌ಗಳು ನೂರಾರು ಸಾವಿರಾರು ರೂಪಾಂತರಗಳನ್ನು ಕೂಡಿಸಿ ಒಂದು ಅಂಕ ಕೊಡುತ್ತವೆ. ಇದಕ್ಕೆ ಪಾಲಿಜೆನಿಕ್ ಸ್ಕೋರ್ ಎಂದು ಹೆಸರು. ಅದು ಪೊಳ್ಳು ಅಂತಲ್ಲ. 2018ರ ಒಂದು ದೊಡ್ಡ ಅಧ್ಯಯನದಲ್ಲಿ ಅತಿ ಹೆಚ್ಚು ಅಂಕದ 3.5 ಶೇಕಡಾ ಜನರಿಗೆ ಟೈಪ್ 2 ಅಪಾಯ ಉಳಿದವರ ಮೂರು ಪಟ್ಟಿತ್ತು. ಆದರೆ ಅಪ್ಪನಿಗೆ ಶುಗರ್ ಇದೆ ಎಂಬ ಒಂದು ಸಾಲೂ ಹತ್ತಿರ ಹತ್ತಿರ ಅಷ್ಟನ್ನೇ ಹೇಳುತ್ತದೆ, ಅದೂ ಪುಕ್ಕಟೆಯಾಗಿ. ಇನ್ನೊಂದು ತೊಡಕೆಂದರೆ, ಈ ಅಂಕಗಳನ್ನು ಹೆಚ್ಚಾಗಿ ಯುರೋಪಿಯನ್ ಮೂಲದವರ ಮಾಹಿತಿಯಿಂದ ಕಟ್ಟಿದ್ದಾರೆ. ಬೇರೆ ಮೂಲದವರಲ್ಲಿ ಅವುಗಳ ನಿಖರತೆ ಇಳಿಯುತ್ತದೆ.

ಇನ್ನೂ ಕೆಟ್ಟ ಬಲೆ ಎಂದರೆ ಕಡಿಮೆ ಅಂಕ. "ನನಗೆ ಅಪಾಯವಿಲ್ಲ" ಎಂದು ಟೆಸ್ಟ್ ಬಿಟ್ಟುಬಿಡುವವರೇ ಕೊನೆಗೆ ತಡವಾಗಿ ಸಿಕ್ಕಿಬೀಳುತ್ತಾರೆ. ಹಾಗೆಯೇ ಮನೆ ಕಿಟ್‌ನ ಕಚ್ಚಾ ಮಾಹಿತಿಯಲ್ಲಿ ಮೋಡಿಯ ದೋಷ ಕಂಡಿತೆಂದರೆ ನಂಬಿ ಕೂರಬೇಡಿ. ತೀರಾ ಅಪರೂಪದ ರೂಪಾಂತರಗಳನ್ನು ಓದುವಾಗ ಇಂಥ ಕಿಟ್‌ಗಳು ಬಳಸುವ ಚಿಪ್ ತಂತ್ರಜ್ಞಾನ ತಪ್ಪುವುದೇ ಜಾಸ್ತಿ. ಆಸ್ಪತ್ರೆ ಮಟ್ಟದ ಲ್ಯಾಬ್‌ನಲ್ಲಿ ಖಚಿತವಾದ ಮೇಲೆ ಮಾತ್ರ ಅದು ಲೆಕ್ಕ. ವಿಮೆ ಮಾಡಿಸುವ ಯೋಚನೆ ಇದ್ದರೆ, ಜೀನ್ ರಿಪೋರ್ಟ್ ಬಗ್ಗೆ ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂದು ಟೆಸ್ಟ್‌ಗೆ ಮೊದಲೇ ವಿಚಾರಿಸಿ.

ಹಂತ 7: ಸರಿಯಾದ ರಕ್ತ ಪರೀಕ್ಷೆ ಆರಿಸಿಕೊಳ್ಳಿ

ಜೀನ್ ಏನೇ ಹೇಳಲಿ, ಈಗ ಏನಾಗಿದೆ ಎಂದು ಹೇಳುವುದು ರಕ್ತ. ಈ ಲೇಖನದ ಸಂಖ್ಯೆಗಳು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆ ಎಂಬ ಲೆಕ್ಕದವು. ನಿಮ್ಮ ಲ್ಯಾಬ್ ಮಿಲಿಮೋಲ್‌ನಲ್ಲಿ ಕೊಟ್ಟಿದ್ದರೆ 18ರಿಂದ ಗುಣಿಸಿ.

- ಬರಿಹೊಟ್ಟೆಯ ಸಕ್ಕರೆ: ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. 126 ಅಥವಾ ಮೇಲಿದ್ದರೆ ಮಧುಮೇಹ. ಅಮೆರಿಕದ ಮಧುಮೇಹ ಸಂಘದ ಪ್ರಕಾರ 100ರಿಂದ 125 ಪ್ರಿಡಯಾಬಿಟಿಸ್, ಅಂದರೆ ಮಧುಮೇಹದ ಹೊಸ್ತಿಲು.
- ಎಚ್‌ಬಿಎ1ಸಿ: ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. 6.5 ಶೇಕಡಾ ಅಥವಾ ಮೇಲಿದ್ದರೆ ಮಧುಮೇಹ, 5.7ರಿಂದ 6.4 ಹೊಸ್ತಿಲು.
- ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ: 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆ ಆದ ಮೇಲೆ 200 ಅಥವಾ ಮೇಲಿದ್ದರೆ ಮಧುಮೇಹ, 140ರಿಂದ 199 ಹೊಸ್ತಿಲು.

ಬಾಯಾರಿಕೆ, ತೂಕ ಇಳಿಯುವಂಥ ಲಕ್ಷಣ ಇಲ್ಲದಿದ್ದರೆ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ, ಇನ್ನೊಮ್ಮೆ ಪರೀಕ್ಷಿಸುತ್ತಾರೆ.

ಒಂದೇ ಟೆಸ್ಟ್ ಎಲ್ಲರಿಗೂ ಸಾಲುವುದಿಲ್ಲ ಎನ್ನುವುದಕ್ಕೆ ಗ್ರೀನ್‌ಲ್ಯಾಂಡ್‌ನಲ್ಲಿ ಒಳ್ಳೆಯ ಉದಾಹರಣೆ ಸಿಕ್ಕಿತು. ಅಲ್ಲಿನವರಲ್ಲಿ ಟಿಬಿಸಿ1ಡಿ4 ಎಂಬ ಜೀನಿನ ಒಂದು ರೂಪಾಂತರ ಸಾಕಷ್ಟು ಕಾಣುತ್ತದೆ. ಎರಡೂ ಪ್ರತಿ ಇರುವವರ ಸ್ನಾಯುಗಳು ಊಟದ ನಂತರ ಸಕ್ಕರೆಯನ್ನು ಸರಿಯಾಗಿ ಒಳಗೆ ಎಳೆದುಕೊಳ್ಳುವುದಿಲ್ಲ. ಟೈಪ್ 2 ಅಪಾಯ ಹತ್ತು ಪಟ್ಟಿನಷ್ಟು. ಆದರೂ ಅವರಲ್ಲಿ ಬಹಳ ಮಂದಿಯ ಬರಿಹೊಟ್ಟೆಯ ಸಕ್ಕರೆ ಸರಿಯಾಗೇ ಇರುತ್ತದೆ, ಗ್ಲೂಕೋಸ್ ಕುಡಿಸಿದಾಗ ಮಾತ್ರ ಬಯಲಾಗುತ್ತದೆ. ಹಾಗಾಗಿ ನಿಮ್ಮ ಹಾಳೆ ತುಂಬ ಭಾರವಾಗಿದ್ದೂ ಬರಿಹೊಟ್ಟೆಯ ಸಂಖ್ಯೆ ಚೆನ್ನಾಗಿ ಬಂದರೆ, ಗ್ಲೂಕೋಸ್ ಕುಡಿಸುವ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ.

ಎಚ್‌ಬಿಎ1ಸಿ ಕೂಡ ಮೋಸ ಮಾಡಬಲ್ಲದು. ಕೆಂಪು ರಕ್ತಕಣಗಳು ಬೇಗ ನಾಶವಾಗುವ ಕಾಯಿಲೆಗಳಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ವಂಶದಲ್ಲಿ ಬರುವ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಲ್ಲೂ ಹಾಗೇ. ಕಬ್ಬಿಣಾಂಶ ಕಡಿಮೆಯಾಗಿ ಬರುವ ರಕ್ತಹೀನತೆಯಲ್ಲಿ ಜಾಸ್ತಿ ತೋರಿಸಬಹುದು. ಮನೆಯಲ್ಲಿ ತಲಸೀಮಿಯಾ, ಸಿಕಲ್ ಸೆಲ್‌ನಂಥ ವಂಶದ ರಕ್ತದ ಕಾಯಿಲೆ ಇದ್ದರೆ ಹಾಳೆಯ ಮೇಲ್ತುದಿಯಲ್ಲೇ ಬರೆದಿಡಿ.

ಯಾವಾಗ ಶುರು ಮಾಡಬೇಕು? ಅಮೆರಿಕದ ಮಧುಮೇಹ ಸಂಘದ ಸಲಹೆಯಂತೆ ಏನೂ ಅಪಾಯವಿಲ್ಲದವರೂ 35ಕ್ಕೆ ಒಮ್ಮೆ ನೋಡಿಸಬೇಕು. ತೂಕ ಜಾಸ್ತಿ ಇದ್ದು ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಶುಗರ್ ಇದ್ದರೆ ಅಷ್ಟು ಕಾಯಬೇಡಿ. ಏಷ್ಯಾ ಮೂಲದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 23 ಮುಟ್ಟಿದರೇ ತೂಕ ಜಾಸ್ತಿ ಎಂದು ಲೆಕ್ಕ. ಉಳಿದವರಿಗೆ 25. ರಿಪೋರ್ಟ್ ಸರಿಯಿದ್ದರೆ ಮೂರು ವರ್ಷಕ್ಕೊಮ್ಮೆ, ಹೊಸ್ತಿಲಲ್ಲಿದ್ದರೆ ವರ್ಷಕ್ಕೊಮ್ಮೆ. ಬಸಿರಿನಲ್ಲಿ ಶುಗರ್ ಬಂದಿದ್ದವರು ಹೆರಿಗೆಯಾದ ಮೇಲೆ ಹೋಯಿತೆಂದು ಮರೆತುಬಿಡುತ್ತಾರೆ. ಅವರಿಗೆ ಮುಂದೆ ಟೈಪ್ 2 ಬರುವ ಅಪಾಯ ಹಲವು ಪಟ್ಟು ಜಾಸ್ತಿ. ಪರೀಕ್ಷೆ ಜೀವನಪೂರ್ತಿ ನಡೆಯಬೇಕು.

ಹಂತ 8: ಜೀನ್ ಬದಲಾಯಿಸಲಾಗದು, ಹಾಗಾದರೆ?

"ವಂಶದಲ್ಲೇ ಇದೆ, ಏನು ಮಾಡಿದರೂ ಅಷ್ಟೇ" ಎನ್ನುವವರಿಗೆ ನಾನು ತೋರಿಸುವುದು ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಪ್ರಯೋಗವನ್ನು. ಹೊಸ್ತಿಲಲ್ಲಿದ್ದ 3,234 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಹುಸಿಮಾತ್ರೆ. ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ. ಮೂರನೆಯದಕ್ಕೆ ತೂಕದಲ್ಲಿ 7 ಶೇಕಡಾ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮದ ಗುರಿ. 2002ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಸಿಮಾತ್ರೆಯವರಲ್ಲಿ ವರ್ಷಕ್ಕೆ 100ಕ್ಕೆ 11 ಜನ ಮಧುಮೇಹಕ್ಕೆ ಜಾರಿದರು, ಮೆಟ್‌ಫಾರ್ಮಿನ್‌ನವರಲ್ಲಿ ಸುಮಾರು 8, ನಡಿಗೆಯವರಲ್ಲಿ 5ಕ್ಕಿಂತ ಕಡಿಮೆ.

ನಮ್ಮ ವಿಷಯಕ್ಕೆ ಬೇಕಾದ್ದು ಆಮೇಲೆ ಬಂತು. ಅದೇ ಜನರ ಟಿಸಿಎಫ್7ಎಲ್2 ಜೀನ್ ನೋಡಿ 2006ರಲ್ಲಿ ಪ್ರಕಟಿಸಿದರು. ಹುಸಿಮಾತ್ರೆಯ ಗುಂಪಿನಲ್ಲಿ ಅಪಾಯದ ಎರಡು ಪ್ರತಿ ಇದ್ದವರು, ಒಂದೂ ಇಲ್ಲದವರಿಗಿಂತ ಸುಮಾರು 1.8 ಪಟ್ಟು ಜಾಸ್ತಿ ಮಧುಮೇಹಕ್ಕೆ ಜಾರಿದರು. ತೂಕ ಇಳಿಸಿ ನಡೆದಾಡಿದ ಗುಂಪಿನಲ್ಲಿ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಜೀನ್ ಅದೇ ಇತ್ತು, ಅದರ ಜೋರು ಇಳಿದಿತ್ತು.

ಹಾಗಾಗಿ 80 ಕಿಲೋ ಇರುವವರಿಗೆ ಮೊದಲ ಗುರಿ ಐದೂವರೆ ಕಿಲೋ ಇಳಿಸುವುದು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡಿಗೆ. ಸಿಗರೇಟು ಸೇದುತ್ತಿದ್ದರೆ ಬಿಡಿ, ಅದೂ ಟೈಪ್ 2 ಅಪಾಯ ಏರಿಸುತ್ತದೆ. ತೂಕ ಸರಿಯಿರುವವರು ಇಳಿಸಲು ಹೋಗಬೇಡಿ, ನಡಿಗೆ ಮತ್ತು ಸ್ನಾಯು ಬಲದ ವ್ಯಾಯಾಮ ಸಾಕು. ಹೊಸ್ತಿಲಲ್ಲಿದ್ದು, ವಯಸ್ಸು 60 ದಾಟಿಲ್ಲದೆ ತೂಕ ಬಹಳ ಜಾಸ್ತಿ ಇದ್ದರೆ ಅಥವಾ ಬಸಿರಿನಲ್ಲಿ ಶುಗರ್ ಬಂದಿದ್ದರೆ ಮೆಟ್‌ಫಾರ್ಮಿನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಪಕ್ಕದವರ ಮಾತ್ರೆ ಇಸಿದುಕೊಂಡು ನುಂಗುವುದು ಬೇಡ.

ಮೋಡಿಯವರಿಗೆ ಈ ಹಂತ ಪೂರ್ತಿ ಹೊಂದುವುದಿಲ್ಲ. ನಡೆದಾಡುವುದು ಅವರಿಗೂ ಒಳ್ಳೆಯದೇ, ಆದರೆ ಒಂದೇ ಜೀನಿನ ದೋಷವನ್ನು ನಡಿಗೆಯಿಂದ ತಡೆಯಲಾಗದು. "ನೀನು ಸರಿಯಾಗಿ ಪಥ್ಯ ಮಾಡಲಿಲ್ಲ, ಅದಕ್ಕೇ ಬಂತು" ಎಂದು ಅಂಥವರನ್ನು ಬೈಯುವುದು ಶುದ್ಧ ಅನ್ಯಾಯ.

ಹಂತ 9: ಹಾಳೆಯನ್ನು ಹಂಚಿಕೊಳ್ಳಿ, ನೋಡಿಕೊಂಡು

ಹಾಳೆಯ ಮೇಲೆ ದಿನಾಂಕ ಬರೆಯಿರಿ. ಮನೆಯಲ್ಲಿ ಹೊಸದಾಗಿ ಯಾರಿಗಾದರೂ ಗೊತ್ತಾದರೆ ಆಗಲೇ ಸೇರಿಸಿ. ಒಡಹುಟ್ಟಿದವರಿಗೆ ಒಂದು ಪ್ರತಿ ಕೊಡಿ, ನಿಮ್ಮಷ್ಟೇ ಅಪಾಯ ಅವರಿಗೂ ಇದೆ. ಮಗು ಬೇಕೆಂದು ಯೋಚಿಸುತ್ತಿರುವವರು ಬಸಿರಾಗುವ ಮೊದಲೇ ಅದನ್ನು ಡಾಕ್ಟರಿಗೆ ತೋರಿಸಲಿ. ಜೀನ್ ರಿಪೋರ್ಟ್ ಮಾತ್ರ ಬೇರೆ ಮಾತು. ಅದು ನಿಮ್ಮೊಬ್ಬರ ಗುಟ್ಟಾಗಿರುವುದಿಲ್ಲ, ಅಣ್ಣನ ಬಗ್ಗೆಯೂ ಮಗಳ ಬಗ್ಗೆಯೂ ಒಂದಷ್ಟು ಹೇಳಿಬಿಡುತ್ತದೆ. ತಿಳಿದುಕೊಳ್ಳಲು ಇಷ್ಟವಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳಿ ಹೇಳಿ. ಫ್ಯಾಮಿಲಿ ಗ್ರೂಪಿಗೆ ಫೋಟೊ ಹಾಕುವುದು ಬೇಡ.